ಬಾಲಕ್ಕೆ ಕಚ್ಚು ಹಾಕುವ ಹೋಟೆಲಿನ ದೊಡ್ಡಕ್ಕ

ಬಂದರಿನಿಂದ ಊರೊಳಕ್ಕೆ ಬರುವ ರಸ್ತೆ ಮೊದಲ ಸಲ ತಿರುಗುವ ಮೂಲೆಯಲ್ಲಿ ಒಂದು ಮೀನಿನ ಹೋಟೆಲಿದೆ. ಅಲ್ಲಿ ಗಿರಾಕಿಗೆ ನೀರಿನ ಲೋಟಕ್ಕಿಂತ ಮೊದಲು ಕತ್ತರಿ ಕೊಡುತ್ತಾರೆ.

ಬಾಗಿಲ ಬಲಗಡೆ ಉದ್ದನೆಯ ಸ್ಟೀಲ್ ಹರಿವಾಣವಿದೆ. ಪುಡಿ ಮಾಡಿದ ಐಸಿನ ಮೇಲೆ ಇಡೀ ಮೀನುಗಳನ್ನು ತಲೆ ಗೋಡೆಯ ಕಡೆಗೆ, ಬಾಲ ಗಿರಾಕಿಯ ಕಡೆಗೆ ಮಾಡಿ ಸಾಲಾಗಿ ಮಲಗಿಸಿರುತ್ತಾರೆ. ಗಿರಾಕಿ ತನಗೆ ಬೇಕಾದ್ದನ್ನು ತೋರಿಸಿ, ಅದರ ಬಾಲದ ಅಂಚಿಗೆ ತಾನೇ ಕತ್ತರಿಯಿಂದ ಒಂದು ಕಚ್ಚು ಹಾಕಬೇಕು. ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಎಂಬುದು ಅವನಿಗೆ ಬಿಟ್ಟದ್ದು. ಕೆಲವರು ಓರೆಯಾಗಿ ಕತ್ತರಿಸುತ್ತಾರೆ, ಕೆಲವರು ಮೂಲೆಯನ್ನೇ ಹಾರಿಸುತ್ತಾರೆ. ಹೊಸದಾಗಿ ಮದುವೆಯಾದವರು ಒಂದೇ ಕತ್ತರಿಯನ್ನು ಇಬ್ಬರೂ ಹಿಡಿದು ಕತ್ತರಿಸಿ, ಫೋಟೋ ತೆಗೆಸಿಕೊಳ್ಳುವುದೂ ಉಂಟು. ಆಮೇಲೆ ಮೀನು ಒಳಗೆ ಹೋಗುತ್ತದೆ. ಹುರಿದೋ, ಕೆಂಡದ ಮೇಲೆ ಸುಟ್ಟೋ ತಟ್ಟೆಗೆ ಬರುವಾಗ ಬಾಲ ಹಾಗೇ ಇರುತ್ತದೆ. ಗಿರಾಕಿ ತಾನು ಹಾಕಿದ ಕಚ್ಚನ್ನು ನೋಡಿ ಗುರುತಿಸಿ, ಆಮೇಲೆ ಊಟಕ್ಕೆ ಕೈ ಹಾಕುತ್ತಾನೆ.

ಇದು ಶುರುವಾದದ್ದು ಒಂದು ಜಗಳದಿಂದ. ಹೋಟೆಲ್ ಇಟ್ಟವನು ಮೊದಲು ದೋಣಿಯಲ್ಲಿ ಅಡುಗೆಯವನಾಗಿದ್ದ. ಅಂಗಡಿ ತೆರೆದ ಹೊಸದರಲ್ಲಿ ಒಬ್ಬ ಗಿರಾಕಿ ತಟ್ಟೆಯನ್ನು ತಳ್ಳಿ, "ನಾನು ಆರಿಸಿದ ಮೀನು ಇದಲ್ಲ, ನಿನ್ನೆ ಉಳಿದದ್ದನ್ನ ನನಗೆ ದಾಟಿಸ್ತಾ ಇದ್ದೀಯ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಹೋಟೆಲಿನವನು ಪಕ್ಕದ ಟೈಲರ್ ಅಂಗಡಿಗೆ ಹೋಗಿ, ಬಟ್ಟೆಯ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸುವ ಕತ್ತರಿಯನ್ನು ಎರವಲು ತಂದ. "ಇನ್ನೊಂದು ಆರಿಸಿ. ಈ ಸಲ ನೀವೇ ಗುರುತು ಹಾಕಿ," ಎಂದ. ಕತ್ತರಿ ಇವತ್ತಿಗೂ ವಾಪಸು ಹೋಗಿಲ್ಲ. ಆ ಟೈಲರನ ಮಗ ಈಗ ಅದೇ ಅಂಗಡಿಯಲ್ಲಿ ಟೈಲರ್, ಹೋಟೆಲಿನ ಮುಂದೆ ಹಾದು ಹೋಗುವಾಗಲೆಲ್ಲ, "ನಮ್ಮಪ್ಪನ ಕತ್ತರಿ ಯಾವಾಗ ಕೊಡ್ತೀರಿ?" ಎಂದು ಕೇಳುವುದು ಅವನ ಬಾಯಿಪಾಠ.

ಆ ದಿನ ಮೀನು ನಿಜವಾಗಿ ಬದಲಾಗಿತ್ತೇ ಇಲ್ಲವೇ ಎಂಬ ವಿಷಯದಲ್ಲಿ ಹೋಟೆಲಿನವನ ಮನೆಯಲ್ಲೇ ಒಮ್ಮತವಿಲ್ಲ. ಮಗಳು ಇಲ್ಲವೆನ್ನುತ್ತಾಳೆ. ಮಗ ನಕ್ಕು, "ಅಪ್ಪನನ್ನೇ ಕೇಳಬೇಕಿತ್ತು," ಎನ್ನುತ್ತಾನೆ.

ಆ ಮಗಳೇ ಈ ಬರಹದ ವ್ಯಕ್ತಿ. ಬಂದರಿನಲ್ಲಿ, ಬೀದಿಯಲ್ಲಿ, ಮನೆಯಲ್ಲಿ ಎಲ್ಲರಿಗೂ ಅವಳು ದೊಡ್ಡಕ್ಕ. ಬೆನ್ನ ಹಿಂದೆ ಹೋಟೆಲಿನ ಕೆಲಸದವರು ಚೆಕ್‌ಪೋಸ್ಟ್ ಎನ್ನುತ್ತಾರೆ. ಅದು ಅವಳಿಗೂ ಗೊತ್ತು, ಬೇಸರವಿಲ್ಲ. ಅವಳ ಕುರ್ಚಿಯನ್ನು ಎಲ್ಲಿ ಇಟ್ಟಿದ್ದಾಳೆಂದರೆ, ಕೂತಲ್ಲಿಂದಲೇ ಮುಂಬಾಗಿಲು, ಮೀನಿನ ಹರಿವಾಣ, ಅಡುಗೆಮನೆಯಿಂದ ತಟ್ಟೆ ಹೊರಬರುವ ಕಿಂಡಿ ಮೂರೂ ಕಾಣುತ್ತವೆ. ಹಿಂಬಾಗಿಲು ಮಾತ್ರ ಕಾಣುತ್ತಿರಲಿಲ್ಲ. ಅದಕ್ಕಾಗಿ ಕೈ ತೊಳೆಯುವ ಬೇಸಿನ್ನಿನ ಮೇಲಿನ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿಸಿದ್ದಾಳೆ. ಗಿರಾಕಿಗಳು ಆ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳಬೇಕಾದರೆ ಕತ್ತು ವಾಲಿಸಬೇಕು.

ಬಲ್ಬು ಸುಟ್ಟರೂ ಅವಳ ಮೊದಲ ಪ್ರಶ್ನೆ, "ಇದರಿಂದ ಯಾರಿಗೆ ಲಾಭ?" ಎಂಬುದು. ತರಕಾರಿಯವನು ಎಂದಿಗಿಂತ ಹೆಚ್ಚು ನಯವಾಗಿ ಮಾತಾಡಿದರೆ ಅವತ್ತು ಚೀಲದ ತಳದಿಂದ ಟೊಮ್ಯಾಟೊ ತೆಗೆದು ನೋಡುತ್ತಾಳೆ. ಇಷ್ಟಾಗಿ, ಅವಳ ಅನುಮಾನಗಳು ಬಹುಪಾಲು ನಿಜವೇ ಆಗುತ್ತಿದ್ದವು. ಕಾರಣ ಅವಳ ಮೂಗು.

ಬಂದರಿನಲ್ಲಿ ಆ ಮೂಗಿಗೆ ಹೆದರದವರಿರಲಿಲ್ಲ. ಬೆಳಗ್ಗೆ ಹರಾಜಿನ ಕಟ್ಟೆಯ ಬಳಿ ದೊಡ್ಡಕ್ಕ ಬುಟ್ಟಿಯೊಂದರ ಮುಂದೆ ಕೂತು, ಮೀನಿನ ಕಿವಿರನ್ನು ಬೆರಳಿನಿಂದ ಎತ್ತಿ ಮೂಗನ್ನು ಅದಕ್ಕೆ ತಾಗಿಸುತ್ತಿದ್ದಳು. ಮೂಗು ಚೂರು ಹಿಂದಕ್ಕೆ ಸರಿದರೆ ಸಾಕು, ಪಕ್ಕದಲ್ಲಿ ನಿಂತ ಬೇರೆ ಹೋಟೆಲಿನವರೂ ಆ ಬುಟ್ಟಿ ಮುಟ್ಟುತ್ತಿರಲಿಲ್ಲ. ಮದುವೆಯೂ ಅವಳಿಗೆ ಆ ಮೂಗಿನಿಂದಲೇ ಮುಗಿದದ್ದು. ಗಂಡ ಸರಕಿನ ಹಡಗಿನಲ್ಲಿ ಕೆಲಸಕ್ಕಿದ್ದ. ಒಂದು ಸಲ ರಜೆಗೆ ಬಂದವನ ಅಂಗಿಗಳನ್ನು ಒಗೆಯಲು ಹಾಕುವಾಗ ಬೇರೆ ಸೋಪಿನ ವಾಸನೆ ಬಂತು. ಹಡಗಿನ ಸೋಪೂ ಅಲ್ಲ, ಲಾಂಡ್ರಿಯದೂ ಅಲ್ಲ, ಯಾವುದೋ ಮನೆಯದು. ಅವಳು ಏನೂ ಕೇಳಲಿಲ್ಲ. ಮುಂದಿನ ರಜೆಗೂ ಅದೇ ವಾಸನೆ ಬಂದಾಗ, "ಆ ಮನೆಯಲ್ಲಿ ಒಗೆಯೋರಿದ್ದಾರಲ್ಲ, ಇವನ್ನೂ ಅಲ್ಲೇ ಒಗೆಸಿಕೊ," ಎಂದು ಅಂಗಿಗಳನ್ನು ಗಂಟು ಕಟ್ಟಿ ಕೊಟ್ಟು, ತನ್ನ ಟ್ರಂಕು ಹಿಡಿದು ಹೋಟೆಲಿನ ಮೇಲಿನ ಕೋಣೆಗೆ ಬಂದಳು. ಗಂಡ ಇಲ್ಲವೆಂದು ಒಂದು ಮಾತೂ ಆಡಲಿಲ್ಲವಂತೆ.

ಅಪ್ಪ ತೀರಿಕೊಂಡ ಮೇಲೆ ಕೆಲಸ ತಾನಾಗಿ ಹಂಚಿಹೋಯಿತು. ಮೀನು ತರುವುದು ಮತ್ತು ಕತ್ತರಿ ಕಾಯುವುದು ದೊಡ್ಡಕ್ಕನದು. ಒಲೆ ಅವಳ ತಮ್ಮನದು. ಆತ ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಬಾಣಲೆಯ ಜೊತೆ ಆಡುವಷ್ಟು ಮಾತನ್ನು ಮನುಷ್ಯರ ಜೊತೆ ಆಡುವುದಿಲ್ಲ. ಅವನ ಹೆಂಡತಿ ಮಸಾಲೆ ಅರೆಯುವುದು, ಮೀನು ಸೀಳಿ ತೊಳೆಯುವುದು ಎಲ್ಲ ನೋಡಿಕೊಳ್ಳುತ್ತಾಳೆ. ಸಮುದ್ರವಿಲ್ಲದ ಊರಿನಿಂದ ಬಂದವಳು. ಮದುವೆಯ ಹೊಸದರಲ್ಲಿ ಅವಳಿಗೆ ಮುಳ್ಳು ಬಿಡಿಸಲು ಬರುತ್ತಿರಲಿಲ್ಲ. "ಮುಳ್ಳು ಬಿಡಿಸೋಕೆ ಬರದವಳು ಮೀನಿನ ಮನೆಗೆ ಯಾಕೆ ಬಂದಳು?" ಎಂಬ ಅನುಮಾನವನ್ನು ದೊಡ್ಡಕ್ಕ ಅಂದಿನಿಂದ ಕೈಬಿಟ್ಟಿರಲಿಲ್ಲ.

ಕತ್ತರಿ ಒಮ್ಮೆ ಕಲ್ಲಿನ ನೆಲಕ್ಕೆ ಬಿದ್ದು ಒಂದು ಹಲ್ಲು ಮುರಿಯಿತು. ಅಂದಿನಿಂದ ಅದು ಹಾಕಿದ ಕಚ್ಚಿನಲ್ಲಿ ಹಲ್ಲುಗಳ ನಡುವೆ ಒಂದು ಕಡೆ ಚಪ್ಪಟೆ ಉಳಿಯುತ್ತದೆ. ಸುಮ್ಮನೆ ನೋಡುವವರಿಗೆ ಕಾಣುವುದಿಲ್ಲ. ದೊಡ್ಡಕ್ಕನಿಗೆ ಮಾತ್ರ ಅದು ಮೊಹರು ಇದ್ದ ಹಾಗೆ. ಬೇರೆ ಕತ್ತರಿ ತರಿಸೋಣವೆಂದು ತಮ್ಮ ಹೇಳಿದಾಗ ಅವಳು ಒಪ್ಪಲಿಲ್ಲ.

ಅನುಮಾನ ಶುರುವಾದದ್ದು ಎದುರಿಗೆ ಹೊಸ ಹೋಟೆಲ್ ಬಂದ ಮೇಲೆ. ಅದು ಗಾಜಿನ ಮುಖದ, ಎಸಿ ಹಾಕಿಸಿದ ಮೀನಿನ ಹೋಟೆಲು. ಅದು ತೆರೆದ ಕೆಲವೇ ವಾರಗಳಲ್ಲಿ ದೊಡ್ಡಕ್ಕನ ತಮ್ಮ ಅಡುಗೆಮನೆಯ ಕಿಂಡಿಗೆ ಪರದೆ ಹಾಕಿಸಿದ. "ಹೊಗೆ ಹೊರಗೆ ಬರುತ್ತೆ," ಎಂದ. ಅಷ್ಟು ವರ್ಷ ಬರದ ಹೊಗೆ ಈಗ ಎಲ್ಲಿಂದ ಬಂತೆಂದು ದೊಡ್ಡಕ್ಕ ಕೇಳಲಿಲ್ಲ, ನೋಡುತ್ತ ಕೂತಳು. ಬೆಳಗ್ಗೆ ಅವಳು ಮೀನು ತಂದಿಟ್ಟು ಸ್ನಾನಕ್ಕೆ ಮೇಲೆ ಹೋಗುವ ಹೊತ್ತಿಗೆ ತಮ್ಮನ ಹೆಂಡತಿ ಹಿಂಬಾಗಿಲಿನಿಂದ ಒಂದು ಐಸ್ ಡಬ್ಬಿ ಹಿಡಿದು ಬರುವುದು ಕನ್ನಡಿಯಲ್ಲಿ ಒಂದೆರಡು ಸಲ ಕಂಡಿತು. ಮಧ್ಯಾಹ್ನದ ಊಟ ಮುಗಿದ ಮೇಲೆ ತಮ್ಮ ಮುಚ್ಚಿದ ಬಕೆಟ್ಟೊಂದನ್ನು ಹಿಡಿದು, ಅಲೆ ತಡೆಯಲು ಕಲ್ಲು ಸುರಿದಿರುವ ಕಡೆಗೆ ನಡೆದು ಹೋಗಿ ಖಾಲಿ ಬಕೆಟ್ಟಿನೊಂದಿಗೆ ಬರುತ್ತಿದ್ದ.

ಆಗ ರೇಡಿಯೋ ಬಾಯಿಬಿಟ್ಟ. ರೇಡಿಯೋ ಎಂದರೆ ಹೋಟೆಲಿನ ಹಳೆಯ ಸರ್ವರ್; ತಟ್ಟೆಯ ಜೊತೆಗೆ ಸುದ್ದಿಯನ್ನೂ ಬಡಿಸುವವನು.

"ದೊಡ್ಡಕ್ಕ, ನಾನು ಹೇಳ್ದೆ ಅನ್ಬೇಡಿ."

"ನೀನು ಹೇಳದೆ ಇನ್ಯಾರು ಹೇಳ್ತಾರೆ? ಹೇಳು."

"ನಿಮ್ಮ ತಮ್ಮ ನಿನ್ನೆ ಗಾಜಿನ ಹೋಟೆಲಿನ ಮ್ಯಾನೇಜರ್ ಜೊತೆ ಮಾತಾಡ್ತಾ ಇದ್ರು. ಆ ಮನುಷ್ಯ ಇವರ ಹೆಗಲ ಮೇಲೆ ಕೈ ಇಟ್ಟಿದ್ದ."

"ಎಷ್ಟು ಹೊತ್ತು?"

"ಕೈಯಾ, ಮಾತಾ?"

"ಎರಡೂ."

"ಒಂದು ಬೀಡಿ ಸೇದಿ ಮುಗಿಸೋವಷ್ಟು. ನಾನು ಅದಕ್ಕೇ ಅಂತ ನಿಂತಿರಲಿಲ್ಲ ಮತ್ತೆ."

ದೊಡ್ಡಕ್ಕನ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು. ತಾನು ಆರಿಸಿ ತಂದ ಒಳ್ಳೆಯ ಮೀನು ಪರದೆಯ ಹಿಂದಿನಿಂದ ಎದುರು ಹೋಟೆಲಿಗೆ ಹೋಗುತ್ತಿದೆ. ಐಸ್ ಡಬ್ಬಿಯಲ್ಲಿ ಬರುವ ಅಗ್ಗದ ಮೀನು ಇಲ್ಲಿನ ಗಿರಾಕಿಗಳ ತಟ್ಟೆಗೆ ಬೀಳುತ್ತಿದೆ. ಒಂದೇ ಒಂದು ತೊಡಕಿತ್ತು. ಕಚ್ಚು. ಕತ್ತರಿ ಅವಳ ಕೈಯಲ್ಲಿರುವಾಗ ಬೇರೆ ಮೀನಿನ ಬಾಲಕ್ಕೆ ಕಚ್ಚು ಬರುವುದು ಹೇಗೆ?

ಒಂದು ಮಧ್ಯಾಹ್ನ ಬೀದಿಯ ಕೊನೆಯ ಕನ್ನಡಕದ ಅಂಗಡಿಯವನು ಊಟಕ್ಕೆ ಬಂದ. ವಾರಕ್ಕೊಮ್ಮೆ ತಪ್ಪದೆ ಬರುವ ಗಿರಾಕಿ. ಅವನ ತಟ್ಟೆ ಕಿಂಡಿಯಿಂದ ಹೊರಬಂದು ದೊಡ್ಡಕ್ಕನ ಮುಂದೆ ಹಾದುಹೋಯಿತು. ಬಾಲದ ಮೇಲೆ ಅವಳ ಕಣ್ಣು ಬಿತ್ತು. ಓರೆ ಕಚ್ಚು, ಅವನು ಯಾವಾಗಲೂ ಹಾಕುವಂಥದ್ದೇ. ಆದರೆ ಅಂಚಿನ ಹಲ್ಲುಗಳೆಲ್ಲ ಸರಿಯಾಗಿದ್ದವು. ಎಲ್ಲೂ ಚಪ್ಪಟೆಯಿರಲಿಲ್ಲ.

ಕನ್ನಡಕದವನು ಬಾಲ ನೋಡಿ ತಲೆಯಾಡಿಸಿ ಊಟ ಮಾಡಿದ. ಅವನು ಕೈ ತೊಳೆಯಲು ಎದ್ದಾಗ ದೊಡ್ಡಕ್ಕ ಎದ್ದು ಹೋಗಿ ತಟ್ಟೆಯಿಂದ ಬಾಲವನ್ನು ಎತ್ತಿ, ಕಾಗದದಲ್ಲಿ ಸುತ್ತಿ, ಮೇಜಿನ ಡ್ರಾಯರಿಗೆ ಹಾಕಿಕೊಂಡಳು. ಆಮೇಲಿನ ದಿನಗಳಲ್ಲಿ ಇನ್ನೂ ಕೆಲವು ಬಾಲಗಳು ಆ ಡ್ರಾಯರು ಸೇರಿದವು. ಎಲ್ಲ ತಟ್ಟೆಗಳೂ ಹಾಗಿರಲಿಲ್ಲ. ಹತ್ತಾರು ತಟ್ಟೆ ಸರಿಯಾಗಿದ್ದರೆ, ನಡುವೆ ಒಂದರಲ್ಲಿ ಹಲ್ಲೆಲ್ಲ ಪೂರ್ತಿಯಿದ್ದ ಕಚ್ಚು.

ಅವಳು ಟೈಲರ್ ಅಂಗಡಿಗೆ ಹೋದಳು. ಅವಳು ಮೆಟ್ಟಿಲು ಹತ್ತುವುದನ್ನು ಕಂಡು ಟೈಲರ್ ಹೊಲಿಗೆ ನಿಲ್ಲಿಸಿದ.

"ಏನು ದೊಡ್ಡಕ್ಕ, ಕತ್ತರಿ ವಾಪಸ್ ಕೊಡೋಕೆ ಬಂದ್ರಾ?"

"ಇಂಥದ್ದು ಇನ್ನೊಂದು ಬೇಕಿತ್ತು. ಇದೆಯಾ?"

"ಇತ್ತು. ಈಗಿಲ್ಲ."

"ಎಲ್ಲಿ ಹೋಯ್ತು?"

ಟೈಲರ್ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟ. ಅಷ್ಟು ಹೊತ್ತು ಬೇಕಿಲ್ಲದ ಕೆಲಸ ಅದು.

"ನಿಮ್ಮ ಮನೆಗೇ ಹೋಯ್ತಲ್ಲ. ನಿಮ್ಮ ತಮ್ಮನ ಹೆಂಡತಿ ಒಯ್ದರು. ದಿಂಬಿನ ಕವರು ಹೊಲೀತೀನಿ ಅಂದ್ರು."

"ನಮ್ಮ ಮನೆಯಲ್ಲಿ ಹೊಲಿಗೆ ಮೆಷಿನ್ ಇಲ್ಲ."

"ನನಗೂ ಹಾಗೇ ಅನ್ನಿಸ್ತು."

"ಅನ್ನಿಸಿದ ಮೇಲೆ ಕೇಳಬೇಕಾಗಿತ್ತು."

"ಎಲ್ಲರನ್ನೂ ಎಲ್ಲಾನೂ ಕೇಳೋ ಕೆಲಸ ನಿಮ್ಮದು ದೊಡ್ಡಕ್ಕ. ನಾನು ಬಟ್ಟೆ ಹೊಲೀತೀನಿ."

ಅವಳು ಹೋಟೆಲಿಗೆ ಬಂದು ಕುರ್ಚಿಯಲ್ಲಿ ಕೂತಳು. ಆ ಹೊತ್ತಿನಲ್ಲಿ ಅವಳ ಮುಂದಿದ್ದ ಲೆಕ್ಕ ಸರಳ. ಈ ಹೋಟೆಲಿಗೆ ಎದುರಿನವರಂತೆ ಗಾಜಿಲ್ಲ, ಎಸಿಯಿಲ್ಲ. ಇರುವುದು ನೀವು ಗುರುತು ಹಾಕಿದ್ದೇ ನಿಮ್ಮ ತಟ್ಟೆಗೆ ಎಂಬ ಮಾತೊಂದೇ. ಆ ಮಾತು ಉಳಿಯಬೇಕಾದರೆ ತಮ್ಮನನ್ನು ಒಲೆಯಿಂದ ಎಬ್ಬಿಸಬೇಕು. ತಮ್ಮ ಹೋದರೆ ಒಲೆಯೇ ಇಲ್ಲ. ರಾತ್ರಿಯ ಊಟಕ್ಕೆ ಯಾರೂ ಬರುವ ಮೊದಲೇ ಇದು ಇತ್ಯರ್ಥವಾಗಬೇಕೆಂದು ನಿರ್ಧರಿಸಿ, ಅವಳು ಶಟರನ್ನು ಅರ್ಧಕ್ಕೆ ಎಳೆದಳು.

ಅಡುಗೆಮನೆಯಲ್ಲಿ ಗಂಡ ಹೆಂಡತಿ ಊಟಕ್ಕೆ ಕೂರುವವರಿದ್ದರು. ದೊಡ್ಡಕ್ಕ ಕಾಗದ ಬಿಡಿಸಿ ಬಾಲಗಳನ್ನು ಅವರ ನಡುವೆ ಹರಡಿದಳು.

"ಇದೇನು?"

"ಬಾಲ," ಎಂದ ತಮ್ಮ.

"ಯಾರದು?"

"ಮೀನಿಂದು."

"ತಮಾಷೆ ಬಿಡು. ಕಚ್ಚು ನೋಡು. ಅಪ್ಪನ ಕತ್ತರಿಗೆ ಒಂದು ಹಲ್ಲಿಲ್ಲ. ನೀನು ತರಿಸಿದ್ದಕ್ಕೆ ಎಲ್ಲಾ ಹಲ್ಲೂ ಇದೆ. ಮೋಸ ಮಾಡೋನು ಒಂದು ಹಲ್ಲು ಮುರಿದುಕೊಂಡಾದ್ರೂ ಮಾಡಬೇಕಿತ್ತು."

ತಮ್ಮನ ಹೆಂಡತಿ ಎದ್ದು, ಮಸಾಲೆ ಡಬ್ಬಿಗಳ ಹಿಂದಿನಿಂದ ಹೊಸ ಕತ್ತರಿಯನ್ನು ತೆಗೆದು ಬಾಲಗಳ ಪಕ್ಕ ಇಟ್ಟಳು. ಅಡಗಿಸುವವರ ಹಾಗೆ ಇಡಲಿಲ್ಲ.

"ಗಾಜಿನವರಿಗೆ ಯಾವಾಗಿಂದ ಕೊಡ್ತಾ ಇದ್ದೀರಿ?" ಎಂದಳು ದೊಡ್ಡಕ್ಕ.

"ಏನನ್ನ?"

"ನಾನು ತಂದ ಮೀನನ್ನ."

ಆಗ ತಮ್ಮ ನಕ್ಕ. ಸಂತೋಷದ ನಗೆಯಲ್ಲ. "ನೀನು ತಂದದ್ದನ್ನ ಅವರಿಗೆ ಕೊಟ್ಟಿದ್ರೆ ಅವರ ಹೋಟೆಲ್ ಇಷ್ಟೊತ್ತಿಗೆ ಮುಚ್ಚಿರೋದು."

"ಏನಂದೆ?"

"ನೀವು ತರೋದರಲ್ಲಿ ನಡುವೆ ಕೆಟ್ಟದ್ದು ಇರುತ್ತೆ ಅಕ್ಕ," ಎಂದಳು ತಮ್ಮನ ಹೆಂಡತಿ. "ಹೊರಗಿಂದ ಗೊತ್ತಾಗಲ್ಲ. ಹೊಟ್ಟೆ ಸೀಳಿದ ಮೇಲೆ ಗೊತ್ತಾಗುತ್ತೆ. ಅಷ್ಟೊತ್ತಿಗೆ ಗಿರಾಕಿ ಕಚ್ಚು ಹಾಕಿ ಆಗಿರುತ್ತೆ."

"ನಾನು ಮೀನು ತರೋದು ನಿನ್ನೆ ಮೊನ್ನೆಯಿಂದಲ್ಲ. ನೀನು ಮುಳ್ಳು ಬಿಡಿಸೋದು ಕಲಿಯೋಕೆ ಮೊದಲಿಂದ. ಕಣ್ಣು ನೋಡ್ತೀನಿ, ಕಿವಿರು ನೋಡ್ತೀನಿ, ಹೆಬ್ಬೆರಳು ಒತ್ತಿ ನೋಡ್ತೀನಿ."

"ಕಿವಿರಿಗೆ ಬಣ್ಣ ಹಚ್ತಾರೆ," ಎಂದ ತಮ್ಮ. "ಐಸಲ್ಲಿಟ್ಟರೆ ಮೈ ಗಟ್ಟಿ ಇರುತ್ತೆ. ಮೊದಲು ನೀನು ಮೂಸಿ ನೋಡ್ತಿದ್ದೆ. ಈಗ ಅದೊಂದನ್ನ ಯಾಕೆ ಬಿಟ್ಟೆ?"

ದೊಡ್ಡಕ್ಕ ಬಾಲಗಳನ್ನು ಮತ್ತೆ ಕಾಗದಕ್ಕೆ ಸೇರಿಸತೊಡಗಿದಳು.

"ನಿನ್ನ ಮೂಗು ಹೋಗಿದೆ ಅಕ್ಕ."

ಹೋದದ್ದು ಹೌದು. ಹಿಂದಿನ ವರ್ಷ ಅವಳಿಗೊಂದು ಜ್ವರ ಬಂದು ಹಾಸಿಗೆ ಹಿಡಿಸಿತ್ತು. ಜ್ವರ ಬಿಟ್ಟ ಮೇಲೆ ಸೋಪಿಗೆ ವಾಸನೆಯಿರಲಿಲ್ಲ, ಫಿನಾಯಿಲಿಗಿರಲಿಲ್ಲ, ಬಂದರಿಗೇ ಇರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಬಂದರಿನಲ್ಲಿ ಗೊತ್ತಾದರೆ ಮಾರುವವರು ತಲೆ ಮೇಲೆ ಕೂರುತ್ತಾರೆ, ಮನೆಯಲ್ಲಿ ಗೊತ್ತಾದರೆ ಬುಟ್ಟಿ ಕಿತ್ತುಕೊಳ್ಳುತ್ತಾರೆ ಎಂಬುದು ಅವಳ ಲೆಕ್ಕ. ಕೆಲವು ದಿನ ಸುಮ್ಮನೆ ಮೂಗು ತಾಗಿಸಿ ಮೂಸುವ ನಟನೆ ಮಾಡಿ, ಆಮೇಲೆ ಅದನ್ನೂ ಬಿಟ್ಟಳು. ಕಣ್ಣೂ ಹೆಬ್ಬೆರಳೂ ಸಾಕೆಂದು ತನಗೆ ತಾನೇ ಹೇಳಿಕೊಂಡಳು. ವಾಸನೆಯಿಂದ ತಿಳಿಯುತ್ತಿದ್ದುದನ್ನೆಲ್ಲ ಆಮೇಲೆ ಅವಳು ಊಹೆಯಿಂದ ತಿಳಿಯಬೇಕಾಯಿತು.

"ಯಾರು ಹೇಳಿದ್ರು?" ಎಂದಳು.

"ಯಾರೂ ಹೇಳಲಿಲ್ಲ," ಎಂದಳು ತಮ್ಮನ ಹೆಂಡತಿ. "ಒಂದಿನ ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ವಾಸನೆ. ನಾನು ಹಿತ್ತಲಿಂದ ಓಡಿ ಬಂದೆ. ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಾ ಇದ್ರಿ."

ತಮ್ಮ ಹೇಳಿದ: "ಅದಕ್ಕೂ ಮೊದಲು ನಾನು ನಿನ್ನನ್ನೇ ಅನುಮಾನಿಸಿದ್ದೆ. ಮೀನು ಮಾರೋರ ಜೊತೆ ಒಳಗೊಳಗೇ ಏನೋ ಮಾಡ್ಕೊಂಡು ಹಳೇದನ್ನ ತರ್ತಾಳೆ ಅಂತ."

"ನನ್ನನ್ನಾ?"

"ನೀನು ನನ್ನನ್ನ ಅನುಮಾನಿಸಿಲ್ವಾ? ನಾವಿಬ್ಬರೂ ಒಬ್ಬನೇ ಅಪ್ಪನ ಮಕ್ಕಳು."

ಉಳಿದದ್ದನ್ನು ಅವರು ಸರದಿಯಲ್ಲಿ ಹೇಳಿದರು. ಐಸ್ ಡಬ್ಬಿಯಲ್ಲಿ ಬರುತ್ತಿದ್ದುದು ಸಣ್ಣ ದೋಣಿಯವರ ಹತ್ತಿರ ಬಿಡಿಯಾಗಿ ಕೊಂಡ ತಾಜಾ ಮೀನು. ಕೆಟ್ಟದ್ದು ಸಿಕ್ಕಾಗ ಅಷ್ಟೇ ಉದ್ದದ ಒಳ್ಳೆಯದನ್ನು ತೆಗೆದು, ಗಿರಾಕಿಯ ಕಚ್ಚು ನೋಡಿ ಹಾಗೇ ಕತ್ತರಿಸಿ, ಹುರಿದು ಕಳಿಸುತ್ತಿದ್ದರು. ಕೆಟ್ಟದ್ದು ಬಕೆಟ್ಟಿಗೆ ಬಿದ್ದು, ಕಲ್ಲುಗಳ ಆಚೆ ಹಕ್ಕಿಗಳ ಪಾಲಾಗುತ್ತಿತ್ತು. ಗಾಜಿನ ಹೋಟೆಲಿನ ಮ್ಯಾನೇಜರ್ ಹೆಗಲ ಮೇಲೆ ಕೈ ಇಟ್ಟು, ನಮ್ಮಲ್ಲಿಗೆ ಬಾ ಎಂದು ಕರೆದದ್ದು ನಿಜ. ತಾನು ಬರುವುದಿಲ್ಲ ಎಂದು ತಮ್ಮ ಹೇಳಿದ್ದ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ದೆಯಾ?"

ನಂಬುತ್ತಿರಲಿಲ್ಲ. ಆಗಲೂ ಅವಳು ಪೂರ್ತಿ ನಂಬಿರಲಿಲ್ಲ. ಮೂಗು ಹೋದದ್ದು ನಿಜವೆಂದ ಮಾತ್ರಕ್ಕೆ ಮೀನು ಕೆಟ್ಟದ್ದು ನಿಜವಾಗಬೇಕಿಲ್ಲ. ಆ ಮೂಗಿನ ನೆಪದಲ್ಲಿ ಗಂಡ ಹೆಂಡತಿ ಏನು ಬೇಕಾದರೂ ಹೇಳಬಹುದು. "ತೋರಿಸು," ಎಂದಳು.

ತಮ್ಮನ ಹೆಂಡತಿ ಡಬ್ಬಿಯಿಂದ ಸೀಳಿದ ಮೀನೊಂದನ್ನೂ, ಅವತ್ತಿನ ಬಕೆಟ್ಟಿನಿಂದ ಸೀಳಿದ ಇನ್ನೊಂದನ್ನೂ ಎರಡು ತಟ್ಟೆಯಲ್ಲಿ ಇಟ್ಟಳು. ದೊಡ್ಡಕ್ಕ ಬಗ್ಗಿ ಎರಡನ್ನೂ ಮೂಸಿದಳು. ಎರಡೂ ಬರೀ ತಣ್ಣಗಿದ್ದವು. ಅವರಿಬ್ಬರ ಮಾತೂ ಬೇಡವೆಂದು ಅವಳು ಅರ್ಧ ಶಟರಿನ ಕೆಳಗೆ ಬಗ್ಗಿ ಬೀದಿ ನೋಡಿದಳು. ಗ್ಯಾಸ್ ಸಿಲಿಂಡರ್ ಹೊರುವವನು ಟೈಲರ್ ಅಂಗಡಿಯ ನೆರಳಿನಲ್ಲಿ ಕೂತಿದ್ದ.

"ಬಾರಪ್ಪ ಇಲ್ಲಿ. ಸಿಲಿಂಡರ್ ಬೇಡ, ನೀನು ಬಾ."

ಅವನು ಒಳಗೆ ಬಂದು ಮೊದಲ ತಟ್ಟೆಯ ಮೇಲೆ ಬಗ್ಗಿ, "ಚೆನ್ನಾಗಿದೆ," ಎಂದ. ಎರಡನೆಯದರ ಹತ್ತಿರ ಬಗ್ಗಲೂ ಇಲ್ಲ. ಹೆಗಲ ಮೇಲಿನ ಟವೆಲಿನಿಂದ ಮೂಗು ಒತ್ತಿಕೊಂಡು ಹಿಂದೆ ಸರಿದ.

"ದೊಡ್ಡಕ್ಕ, ಇದನ್ನ ಯಾರಿಗಾದ್ರೂ ಕೊಡ್ತೀರಾ?"

"ಇಲ್ಲ."

"ಮತ್ತೆ ನನ್ನನ್ನ ಯಾಕೆ ಕರೆದ್ರಿ? ನನ್ನ ಮೇಲೆ ಏನಾದ್ರೂ ಅನುಮಾನವಾ?"

"ನಿನ್ನೊಬ್ಬನ ಮೇಲೆ ಇಲ್ಲ. ಹೋಗು."

ಅವನು ಹೋದ ಮೇಲೆ ಅವಳು ಗೋಡೆಗೆ ಒರಗಿದಳು. ತಮ್ಮ ಸ್ಟೂಲು ತಂದಿಟ್ಟ, ಅವಳು ಕೂರಲಿಲ್ಲ.

"ನೀನು ಮಾಡಿದ್ದೂ ಮೋಸವೇ," ಎಂದಳು.

"ಒಳ್ಳೇದನ್ನೇ ಕೊಟ್ಟೆನಲ್ಲ."

"ಕೇಳದೆ ಕೊಟ್ಟೆ. ಕೆಟ್ಟದ್ದು ಬಂದಾಗ ಹೊರಗೆ ತಂದು ತೋರಿಸಬೇಕಿತ್ತು. ಇದು ಕೆಟ್ಟಿದೆ, ಬೇರೆ ಆರಿಸಿ ಅನ್ನಬೇಕಿತ್ತು."

"ಯಾರ ಮುಂದೆ? ನೀನು ಅಲ್ಲೇ ಕೂತಿರ್ತೀಯ. ಜನರೆಲ್ಲ ತಿರುಗಿ ನಿನ್ನ ಮುಖ ನೋಡ್ತಾರೆ."

"ನೋಡಲಿ."

ಮರುದಿನ ಬೆಳಗ್ಗೆ ಬಂದರಿಗೆ ಅವಳೇ ಹೋದಳು, ಒಬ್ಬಳೇ. ಹಟವೋ, ಇನ್ನೂ ಉಳಿದಿದ್ದ ಅನುಮಾನವೋ, ಕೇಳಿದರೆ ಅವಳು ಹೇಳುವುದಿಲ್ಲ. ಯಾವಾಗಲೂ ಕೊಳ್ಳುವ ಕಡೆಯೇ ಕೊಂಡಳು. ಎಲ್ಲ ಮೀನಿನ ಕಣ್ಣೂ ಹೊಳೆಯುತ್ತಿತ್ತು. ತಂದವಳು ಕಿಂಡಿಯ ಪರದೆಯನ್ನು ತಾನೇ ಕಿತ್ತು ಹಾಕಿ, "ಇವತ್ತು ಬದಲಾಯಿಸೋದು ಇಲ್ಲ. ಕೆಟ್ಟದ್ದು ಸಿಕ್ಕಿದ್ರೆ ನನ್ನ ಕೈಗೆ ಕೊಡು," ಎಂದಳು.

ಮಧ್ಯಾಹ್ನ ಹೋಟೆಲ್ ತುಂಬಿತ್ತು. ಮೊದಲ ಕೆಲವು ಮೀನುಗಳು ಹೋದವು, ಬಂದವು. ಬಾಗಿಲ ಬಳಿಯ ಮೇಜಿನಲ್ಲಿ ದೊಡ್ಡ ಸಂಸಾರವೊಂದು ಹರಟುತ್ತಿತ್ತು. ಕನ್ನಡಕದ ಅಂಗಡಿಯವನು ಆ ದಿನ ತನ್ನ ವಾರದ ಊಟಕ್ಕೆ ಬಂದವನು ಒಂದನ್ನು ಆರಿಸಿ, ಓರೆಯಾಗಿ ಕಚ್ಚು ಹಾಕಿ ಕೂತ. ಸ್ವಲ್ಪ ಹೊತ್ತಿಗೆ ಕಿಂಡಿಯಲ್ಲಿ ತಮ್ಮನ ಮುಖ ಕಂಡಿತು. ಅವನು ತಟ್ಟೆಯೊಂದನ್ನು ಮುಂದಿಟ್ಟ.

ದೊಡ್ಡಕ್ಕ ಕುರ್ಚಿಯಿಂದ ಎದ್ದಳು. ತಟ್ಟೆಯನ್ನು ರೇಡಿಯೋ ಎತ್ತಿಕೊಳ್ಳಲು ಬಂದಾಗ ಅವನನ್ನು ಪಕ್ಕಕ್ಕೆ ಸರಿಸಿ, ತಾನೇ ಹಿಡಿದು ಮೇಜುಗಳ ನಡುವೆ ನಡೆದುಹೋಗಿ ಕನ್ನಡಕದವನ ಮುಂದೆ ಇಟ್ಟಳು. ಹಸಿ ಮೀನು, ಹೊಟ್ಟೆ ಸೀಳಿದ್ದು. ಅವನು ಕುರ್ಚಿ ಹಿಂದಕ್ಕೆ ಎಳೆದುಕೊಂಡ.

"ಇದು ನಾನು ತಂದದ್ದು," ಎಂದಳು. "ಕೆಟ್ಟಿದೆ. ನನಗೆ ವಾಸನೆ ಬರಲ್ಲ, ಅದಕ್ಕೆ ಗೊತ್ತಾಗಲಿಲ್ಲ. ಬೇರೆ ಆರಿಸಿ."

ಕನ್ನಡಕದವನು ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇದು ಮೊದಲ ಸಲವಾ?"

ಇಲ್ಲಿ ಹೌದು ಎಂದುಬಿಡಬಹುದಿತ್ತು. ತಮ್ಮ ಕಿಂಡಿಯಿಂದ ನೋಡುತ್ತಿದ್ದ. ಅವಳು ಹಾಗೆಯೇ ಹೇಳಲಿ ಎಂದು ಅವನಿಗೆ ಆಸೆಯಿತ್ತಂತೆ.

"ಅಲ್ಲ. ಮೊದಲೂ ಆಗಿದೆ. ಆಗ ಹೇಳದೆ ಒಳ್ಳೇದನ್ನ ಬದಲಿಗೆ ಕೊಟ್ಟಿದ್ದಾರೆ. ನೀವು ತಿಂದದ್ದರಲ್ಲೂ ನೀವು ಆರಿಸದೆ ಇದ್ದದ್ದು ಇದೆ."

"ಹಾಗಾದ್ರೆ ನಾನು ಕಚ್ಚು ನೋಡಿ ತಲೆಯಾಡಿಸ್ತಿದ್ದದ್ದು?"

"ಅದು ಬೇರೆ ಕತ್ತರಿ."

ಬಾಗಿಲ ಬಳಿಯ ಸಂಸಾರ ಸದ್ದಿಲ್ಲದೆ ಎದ್ದುಹೋಯಿತು. ಅವರು ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿದ್ದು ಎಲ್ಲರಿಗೂ ಕಂಡಿತು. ಕನ್ನಡಕದವನೂ ಎದ್ದ. ಆದರೆ ಹೊರಗೆ ಹೋಗದೆ ಹರಿವಾಣದ ಹತ್ತಿರ ಹೋಗಿ, ಒಂದೊಂದೇ ಮೀನಿನ ಕಿವಿರು ಎತ್ತಿ ಮೂಸಿ ನೋಡಿ, ಬಹಳ ಹೊತ್ತಿನ ಮೇಲೆ ಒಂದನ್ನು ಆರಿಸಿದ. "ಕತ್ತರಿ ಕೊಡಿ," ಎಂದ. ಕಚ್ಚು ಹಾಕಿದ ಮೇಲೆ ಮೀನಿನ ಜೊತೆಗೇ ಅಡುಗೆಮನೆಗೆ ನಡೆದು, ಅದು ಹುರಿದು ಮುಗಿಯುವವರೆಗೆ ಒಲೆಯ ಪಕ್ಕ ಬೆವರುತ್ತ ನಿಂತಿದ್ದ.

ಕೆಲವು ಗಿರಾಕಿಗಳು ಆಮೇಲೆ ಬರಲಿಲ್ಲ. ಬಂದವರು ಕತ್ತರಿ ಹಿಡಿಯುವ ಮೊದಲು ಮೀನಿಗೆ ಮೂಗು ಹಿಡಿದು ನೋಡುವುದನ್ನು ಕಲಿತರು. ಒಂದಷ್ಟು ದಿನ ರೇಡಿಯೋಗೆ ಬಡಿಸಲು ತಟ್ಟೆಗಳು ಕಡಿಮೆಯಾಗಿ, ಸುದ್ದಿ ಹೆಚ್ಚಾಯಿತು. ಹೊಸ ಕತ್ತರಿಯನ್ನು ದೊಡ್ಡಕ್ಕ ಟೈಲರಿಗೆ ಕೊಟ್ಟುಬಿಟ್ಟಳು. ನಮ್ಮಪ್ಪನದು ಎಲ್ಲಿ ಎಂದು ಅವನು ಕೇಳಿದ್ದಕ್ಕೆ, ಅದು ನಿಮ್ಮಪ್ಪನದು ಎನ್ನುವುದಕ್ಕೆ ಸಾಕ್ಷಿ ಏನಿದೆ ಎಂದಳಂತೆ.

ಆ ಮಧ್ಯಾಹ್ನವಾದ ಮೇಲೆ ಮೀನಿನ ಬುಟ್ಟಿಯನ್ನು ಅವಳು ತಮ್ಮನ ಹೆಂಡತಿಗೆ ಒಪ್ಪಿಸಿದಳು. ಒಪ್ಪಿಸಿ ಮನೆಯಲ್ಲಿ ಕೂತಳೆಂದಲ್ಲ. ಈಗಲೂ ಬೆಳಗ್ಗೆ ಹರಾಜಿನ ಕಟ್ಟೆಯ ಬಳಿ ಇಬ್ಬರನ್ನೂ ನೋಡಬಹುದು. ಸಮುದ್ರವಿಲ್ಲದ ಊರಿನಿಂದ ಬಂದವಳು ಬುಟ್ಟಿಯ ಮುಂದೆ ಕೂತು ಕಿವಿರು ಎತ್ತಿ ಮೂಗು ತಾಗಿಸುತ್ತಾಳೆ. ದೊಡ್ಡಕ್ಕ ಎದುರಿಗೆ ಕೂತು ನೋಡುತ್ತಾಳೆ. ಮೀನನ್ನಲ್ಲ, ಮೂಸುವವಳ ಮುಖವನ್ನು.

ಮೊನ್ನೆ ಒಂದು ಬುಟ್ಟಿಯ ಮುಂದೆ ಆ ಮುಖ ಸ್ವಲ್ಪ ತಡವರಿಸಿತು.

"ಏನು?" ಎಂದಳು ದೊಡ್ಡಕ್ಕ.

"ಚೆನ್ನಾಗಿದೆ ಅಕ್ಕ."

"ಮತ್ತೆ ಹುಬ್ಬು ಯಾಕೆ ಗಂಟಾಯ್ತು?"

"ಬಿಸಿಲು ಕಣ್ಣಿಗೆ ಬಿತ್ತು."

ದೊಡ್ಡಕ್ಕ ಎದ್ದು, ತನ್ನ ನೆರಳು ಅವಳ ಮುಖದ ಮೇಲೆ ಬೀಳುವಂತೆ ಬಿಸಿಲಿಗೆ ಅಡ್ಡ ನಿಂತಳು.

"ಈಗ ಇನ್ನೊಂದು ಸಲ ಮೂಸು."